ಗೇಟಿನ ಕಟ್ಟೆಯ ಐದು ಕಲ್ಲು

ಶಾಹೀಸ್ತಾ ನಾಲ್ಕನೆಯ ರೊಟ್ಟಿ ತಟ್ಟುತ್ತಿದ್ದಾಗ ಫೋನು ಬಂತು. ಹಿಟ್ಟಿನ ಕೈ. ಕಿರುಬೆರಳಿನಿಂದ ಒತ್ತಿ, ಫೋನನ್ನು ಭುಜಕ್ಕೆ ಆನಿಸಿಕೊಂಡಳು. ಭಾನುವಾರವೂ ಬಿಡದೆ ಮಾಡಿದವರು ಮಗಳ ಶಾಲೆಯ ಭಾರತಿ ಟೀಚರು.

"ಬೈಯಾಕ ಫೋನ್ ಮಾಡಿಲ್ರೀ. ನಿನ್ನೆ ಫಿರ್ದೋಸ್ ಕ್ಲಾಸಿನ್ಯಾಗ ಬಟ್ಟಿ ಒದ್ದಿ ಮಾಡ್ಕೊಂಡ್ಳು. ಹೊರಗ ಹೋಗ್ಲೇನ್ರೀ ಅಂತ ಒಂದ್ ಮಾತು ಕೇಳಿದ್ರ ನಾ ಬ್ಯಾಡ ಅಂತಿದ್ನೇನು?"

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ನಿನ್ನೆ ಮಗಳು ಯಾರೂ ಹೇಳದೆ ತನ್ನ ಲಂಗ ತಾನೇ ಒಗೆದು ಒಣಹಾಕಿದ್ದೇಕೆಂದು ಶಾಹೀಸ್ತಾಳಿಗೆ ಈಗ ತಿಳಿಯಿತು.

ಎಂಟು ವರ್ಷದ ಫಿರ್ದೋಸ್‌ಗೆ ಮಾತು ಬಾರದೆಂದಲ್ಲ. ಮನೆಯೊಳಗೆ ದಖನಿ ಉರ್ದುವಿನಲ್ಲಿ ಅಪ್ಪನ ಕಿವಿ ತೂತಾಗುವಷ್ಟು ಮಾತು. ಹೊಸ್ತಿಲು ದಾಟಿದರೆ ಮಾತ್ರ ಬಾಯಿಗೆ ಬೀಗ. ಅಂಗಡಿಯಲ್ಲಾಗಲಿ ದವಾಖಾನೆಯಲ್ಲಾಗಲಿ ಅವಳು ತಾಯಿಯ ಕಿವಿಯಲ್ಲಿ ಪಿಸುಗುಡುವಳು, ತಾಯಿ ಅದನ್ನು ಗಟ್ಟಿಯಾಗಿ ಕೇಳುವಳು. ಅವಳ ಬಾಯಿ ನಾನೇ ಆಗಿಬಿಟ್ಟೆ, ಇವತ್ತು ಏನೇ ಪಿಸುಗುಟ್ಟಲಿ ಅವಳ ಪರವಾಗಿ ನಾನು ಬಾಯಿ ತೆರೆಯಬಾರದು ಎಂದು ಶಾಹೀಸ್ತಾ ಗಟ್ಟಿ ಮನಸ್ಸು ಮಾಡಿದಳು.

ಮಧ್ಯಾಹ್ನ ಗಂಡ ಮಂಜೂರ್ ಎರಡನೇ ಪಾಳಿಗೆ ಹೋದ ಮೇಲೆ ತಾಯಿ ಮಗಳು ಹಟ್ಟಿ ಚಿನ್ನದ ಗಣಿಯ ಕಾಲೊನಿ ಪಾರ್ಕಿಗೆ ಹೊರಟರು. ಪುಷ್ಯ ಮಾಸದ ಬಿಸಿಲು ಬೆನ್ನಿಗೆ ಹಿತವಾಗಿತ್ತು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಎಂದಿನಂತೆ ಐದು ಕಲ್ಲುಗಳಿದ್ದವು.

ಅವು ಗಣಿಯಿಂದ ರಿಟೈರಾದ ಐವರು ಮುದುಕರವು. ಗಣಿಗೆ ಇಳಿಯುವಾಗ ಹಲಗೆಗೆ ತಮ್ಮ ನಂಬರಿನ ಬಿಲ್ಲೆ ಹಾಕಿ, ಮೇಲೆ ಬಂದಾಗ ತೆಗೆದುಕೊಂಡು ರೂಢಿಯಾದವರು, ಇಲ್ಲಿಯೂ ಒಳಗೆ ಬರುವಾಗ ತಂತಮ್ಮ ಕಲ್ಲು ಇಟ್ಟು, ಹೋಗುವಾಗ ಎತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ; ಕಲ್ಲು ಉಳಿದಿದ್ದರೆ ಅದರವನು ಇನ್ನೂ ಒಳಗಿದ್ದಾನೆಂದೇ ಲೆಕ್ಕ.

"ಮೂವತ್ತಾರು ವರ್ಷ ಬಿಲ್ಲೆ ಎಣಿಸೀನಿ," ಬೆಂಚಿನಲ್ಲಿ ಆದಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. "ಹಲಗಿ ಖಾಲಿ ಆಗೋತನಕ ಮನಿ ಕಡಿ ಮುಖ ಮಾಡಿಲ್ಲ."

"ಅದಕ್ಕ ನಿನ್ನ ಹೆಂಡ್ತಿ ಆರಾಮ ಇದ್ಲು ಬಿಡಲೇ," ಎಂದ ಮಲೀಕಸಾಬ. ಎಲ್ಲರೂ ನಕ್ಕರು.

ಯಾವ ಕಲ್ಲು ಯಾರದೆಂದು ಫಿರ್ದೋಸ್‌ಗೆ ಬಾಯಿಪಾಠ. ಬಿಳಿಯದು ಆದಪ್ಪನದು, ಗೆರೆಯಿದ್ದದ್ದು ಮಲೀಕಸಾಬನದು, ಚಪ್ಪಟೆ ಕೆಂಪುಗಲ್ಲು ದುರುಗಪ್ಪನದು. ನನ್ನ ಮಗಳ ಕಣ್ಣಿಗೆ ಬೀಳದ್ದು ಯಾವುದಿದೆ ಎಂದು ಶಾಹೀಸ್ತಾಳಿಗೆ ಒಳಗೊಳಗೇ ಹೆಮ್ಮೆ. ಎರಡನೆಯ ಸುತ್ತು ಹಾಕುವಾಗ ಬೇವಿನ ಮರದ ಹಿಂದೆ ದುರುಗಪ್ಪ ಮುಖಕ್ಕೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದುದು ಇಬ್ಬರಿಗೂ ಕಂಡಿತು. ಫಿರ್ದೋಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ತಾಯಿ ಮಗಳು ಗೇಟಿನ ಹತ್ತಿರ ಬರುವಷ್ಟರಲ್ಲಿ ಉಳಿದ ನಾಲ್ವರು ತಂತಮ್ಮ ಕಲ್ಲು ಎತ್ತಿಕೊಂಡು ಹೊರಟಿದ್ದರು. ಮೊಮ್ಮಗನ ವಿಡಿಯೋ ತೋರಿಸುವ ಭರದಲ್ಲಿ ಆದಪ್ಪ ಕಲ್ಲು ಎಣಿಸುವುದನ್ನೇ ಮರೆತಿದ್ದ. ಕಟ್ಟೆಯ ಮೇಲೆ ಕೆಂಪುಗಲ್ಲೊಂದೇ ಉಳಿದಿತ್ತು.

ಫಿರ್ದೋಸ್ ತಾಯಿಯ ದುಪಟ್ಟಾ ಜಗ್ಗಿದಳು. ಕಲ್ಲಿನ ಕಡೆ ಬೆರಳು ಮಾಡಿ, "ಅಮ್ಮಿ, ತೂ ಪೂಚ್," ಎಂದು ಪಿಸುಗುಟ್ಟಿದಳು.

ಶಾಹೀಸ್ತಾಳ ನಾಲಿಗೆಯ ತುದಿಗೆ ಮಾತು ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದಳು.

"ನಾ ಕೇಳೂದಿಲ್ಲ. ಕಂಡಾಕಿ ನೀನು, ನೀನೇ ಕೇಳು."

ಮಗಳು ತಾಯಿಯ ಮುಖ ನೋಡಿದಳು, ಕಲ್ಲು ನೋಡಿದಳು, ರಸ್ತೆ ದಾಟುತ್ತಿದ್ದ ಮುದುಕರ ಬೆನ್ನು ನೋಡಿದಳು. ಶಾಹೀಸ್ತಾ ಹಿಡಿದ ಕೈಯನ್ನು ಮೆಲ್ಲಗೆ ಬಿಟ್ಟಳು.

ಫಿರ್ದೋಸ್ ಗೇಟಿಗೆ ಓಡಿ, ಕಂಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದಳು. ಮೊದಲಿಗೆ ಬರೀ ಗಾಳಿ ಬಂತು. ಆಮೇಲೆ ಬಂದ ಕೂಗಿಗೆ ನಾಲ್ವರೂ ನಡುರಸ್ತೆಯಲ್ಲೇ ತಿರುಗಿ ನಿಂತರು.

"ಆದಪ್ಪ ತಾತಾ! ಕಲ್ಲು ಇನ್ನಾ ಇಲ್ಲೇ ಐತಿ! ದುರುಗಪ್ಪ ತಾತನ್ನ ಒಳಗ ಬಿಟ್ಟು ಹೊಂಟೀರೇನ್ರೀ?"