ಬಾಣಂತಿ ಕೋಣೆಯ ಮೆಂತ್ಯದ ವಾಸನೆ

ಎಂಬತ್ನಾಲ್ಕರ ಮಾತು. ಕುಷ್ಟಗಿಯ ಆ ಮನೆಯ ಬಾಣಂತಿ ಕೋಣೆಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದೇ ಮೆಂತ್ಯ. ಫಕೀರಮ್ಮ ಮಗಳು ಪಂಪಾವತಿಗೆ ದಿನಾ ಮೆಂತ್ಯದ ಉಂಡೆ ತಿನ್ನಿಸುತ್ತಿದ್ದಳು. ಹಾಗಾಗಿ ಕೂಸಿನ ಬಟ್ಟೆಗೂ ಅದೇ ವಾಸನೆ ಹತ್ತಿದಾಗ ಯಾರಿಗೂ ಅನುಮಾನ ಬರಲಿಲ್ಲ.

"ಅವ್ವಾ, ಕೂಸು ಮೊಲಿ ಹಿಡೀವಲ್ದು. ಮೈ ಸೆಟದು ಬಿಲ್ಲಿನಂಗ ಬಾಗತೈತಿ," ಎಂದಳು ಪಂಪಾವತಿ.

"ಉಂಡಿ ತಿಂದದ್ದು ಹಾಲಿನಾಗ ಇಳಿದೈತಿ. ಕಹಿ ಹತ್ತಿರಬೇಕು ಬಿಡು."

ಕೂಸು ನೋಡಲು ಗಂಗಾವತಿಯಿಂದ ಬಂದಿದ್ದ ಪಂಪಾವತಿಯ ಅಕ್ಕ ಶಾಂತಕ್ಕ ಅದನ್ನೆತ್ತಿ ಮೂಸಿ ನಕ್ಕಳು. "ಅಯ್ಯ, ನನ್ನ ಮಗ ಗವಿಸಿದ್ದಂದೂ ಜ್ವರ ಬಂದಾಗೆಲ್ಲ ಉಚ್ಚಿ ಹಿಂಗಾ ನಾರತೈತಿ. ಎರಡು ದಿನ ಮಂಕಾಗಿ ಬೀಳತಾನ, ಆಮ್ಯಾಲೆ ಎದ್ದು ರೊಟ್ಟಿ ಬೇಡತಾನ! ಈಗ ನೋಡು, ಅಲ್ಲಿ ಊರಾಗ ಸಾಲಿ ತಪ್ಪಿಸಿ ಗೋಲಿ ಆಡಾಕ ಹೋಗಿರತಾನ. ಸುಮ್ನಿರು ಪಂಪಾ."

ಆ ಮಾತು ನಂಬಿ ಕಾದರು. ಕೂಸು ಅಳುವುದನ್ನೂ ಬಿಟ್ಟಾಗ ಪಂಪಾವತಿಯ ಗಂಡ ವಿರುಪಣ್ಣ ಕೂಸಿನ ಸಮೇತ ಅಕ್ಕತಂಗಿಯರನ್ನು ಹುಬ್ಬಳ್ಳಿ ಬಸ್ಸು ಹತ್ತಿಸಿ ತಾನೂ ಹತ್ತಿದ. ಅವನು ಫಕೀರಮ್ಮನ ಖಾಸಾ ತಮ್ಮ; ಅಕ್ಕನ ಮಗಳನ್ನೇ ತಂದುಕೊಂಡಿದ್ದ.

ದವಾಖಾನೆಯ ಡಾಕ್ಟರು ಬಟ್ಟೆ ಮೂಸಿ ಮುಖ ಸಣ್ಣಗೆ ಮಾಡಿದರು. "ಇದು ಮೆಂತ್ಯ ಅಲ್ಲಪಾ. ಹಾಲಿನ ಸತ್ವ ಅರಗಿಸೋ ಶಕ್ತಿ ಈ ಕೂಸಿಗೆ ಹುಟ್ಟಿನಿಂದಾನ ಇಲ್ಲ. ಅದಾ ವಿಷ ಆಗಿ ಮೆದುಳಿಗೆ ಏರೈತಿ."

"ಹಂಗಾರ ಜ್ವರ ಬಂದಾಗೆಲ್ಲ ಹಿಂಗಾ ನಾರೋ ನನ್ನ ಮಗ ಹೆಂಗ ಉಳದಾನ್ರಿ?" ಶಾಂತಕ್ಕ ಕೇಳಿದಳು.

"ರೋಗ ಒಂದಾ ಇರಬೇಕು ತಾಯಿ. ತಾಯಿಂದೊಂದು, ತಂದಿಂದೊಂದು ಬರೋ ಜೀನು ಎರಡೂ ಕೆಟ್ರಷ್ಟಾ ಈ ರೋಗ; ಆದ್ರ ಕೆಟ್ಟಿರೋ ರೀತಿ ಬ್ಯಾರೆ. ನಿಮ್ಮ ತವರಿನ ಜೀನು ಪೂರಾ ಕೆಟ್ಟದ್ದು. ನಿಮ್ಮ ಮಗಗ ಅದೂ ಬಂದೈತಿ, ಖರೆ. ಅಪ್ಪನ ಕಡಿಂದ ಬಂದದ್ದು ಮಾತ್ರ ಅರ್ಧಮರ್ಧ ಕೆಟ್ಟದ್ದಿರಬೇಕು, ಒಂದೀಟು ಕೆಲಸ ಮಾಡತೈತಿ. ಅದಕ್ಕ ಜ್ವರ ಬಂದಾಗಷ್ಟಾ ತ್ರಾಸು. ಈ ಕೂಸಿನ ತಾಯಿ-ತಂದಿ ಒಂದಾ ಮನಿಯವರು. ಎರಡೂ ಕಡಿಂದ ಪೂರಾ ಕೆಟ್ಟದ್ದಾ ಬಂತು."

ವಿರುಪಣ್ಣ ಹೆಂಡತಿಯ ಮುಖ ನೋಡಲಾರದೆ ಹೊರಗೆ ಹೋದ.

ಮರುದಿನ ಬೆಳಕು ಹರಿಯುವಾಗ ಕೂಸು ತೀರಿಕೊಂಡಿತು.

"ನನ್ನ ನಾಲಿಗಿ ಸೇದಿಹೋಗಲಿ. ಸುಮ್ನಿರು ಅಂದಾಕಿ ನಾನಾ," ಎಂದು ಶಾಂತಕ್ಕ ಬಾಯಿ ಬಡಿದುಕೊಂಡಳು.

ಹಾಲು ಸೋರಿ ಪಂಪಾವತಿಯ ಕುಪ್ಪಸ ತೊಯ್ದಿತ್ತು. ಅವಳು ಸೆರಗು ಎಳೆದುಕೊಂಡು ಅಕ್ಕನ ರಟ್ಟೆ ಹಿಡಿದಳು.

"ಗವಿಸಿದ್ದನ್ನ ಈ ಡಾಕ್ಟರ ಹತ್ರ ಕರಕೊಂಡು ಬಾ."

"ನಿನ್ನ ಹಿಂಗ ಬಿಟ್ಟು ಹ್ಯಾಂಗ ಹೋಗ್ಲೆ?"

"ಮತ್ತ ಜ್ವರ ಬರೋತನಕ ಕಾಯಬ್ಯಾಡ. ಏಳಕ್ಕಾ, ಬಸ್ಸು ಹೋಗತೈತಿ."