ಅಂಟು ಒಣಗುವಷ್ಟು ಹೊತ್ತು

"ಮುಟ್ಟಬೇಡ ಕಣೇ ಗುಬ್ಬಿ. ಕೈ ಹಿಂದೆ ತಗೋ."

ಗುಬ್ಬಿಯ ತೋರುಬೆರಳು ಮಾದರಿ ಮನೆಯ ರಟ್ಟಿನ ಮೆಟ್ಟಿಲಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಅಂಟು ಒಣಗಿತೋ ಇಲ್ಲವೋ ಎಂದು ಕುಕ್ಕಿ ನೋಡುವ ಚಾಳಿಯಿಂದಲೇ ಅವಳಿಗೆ ಆ ಹೆಸರು ಬಂದಿತ್ತು. ಕಳೆದ ಸಲ ಅವಳು ಹಾಗೆ ಕುಕ್ಕಿದ್ದಕ್ಕೆ ಇಬ್ಬರೂ ಸೇರಿ ಕಟ್ಟಿದ್ದ ಮನೆಯ ಮಾದರಿ ಸೊಟ್ಟಗಾಗಿ, ಪರೀಕ್ಷಕರು ಅದನ್ನು ಹಾಗೇ ಹಿಂದಕ್ಕೆ ತಳ್ಳಿದ್ದರು. ಇಂದು ಮಧ್ಯಾಹ್ನ ಕೊನೆಯ ಅವಕಾಶ. ಇದೂ ಕೈತಪ್ಪಿದರೆ ವಾಸ್ತುಶಿಲ್ಪದ ಇಡೀ ವರ್ಷವನ್ನು ಮತ್ತೆ ಓದಬೇಕು.

"ನಡಿ, ಒಂದು ಸುತ್ತು ಹಾಕಿ ಬರೋಣ," ಎಂದಳು ಅಕ್ಕ. ಒಂದು ವರ್ಷ ತಡವಾಗಿ ಸೇರಿದ್ದರಿಂದ ತರಗತಿಗೆಲ್ಲ ಅವಳು ಅಕ್ಕ. ದಿನವಿಡೀ ಮೇಜಿಗೆ ಬಗ್ಗಿ ಬೆನ್ನು ಬಿಲ್ಲಾದಾಗ ಅವಳೇ ಕಂಡುಕೊಂಡ ಉಪಾಯವಿದು: ಅಂಟು ಒಣಗುವಷ್ಟು ಹೊತ್ತು ನಡೆಯುವುದು. ಬೇರೆ ಬಿಡುವಾದರೂ ಎಲ್ಲಿತ್ತು?

"ಕುತ್ತಿಗೆಗೆ ಬಂದಿದೆ, ನಿಂಗೆ ಹವಾಸೇವನೆ."

"ನಿನ್ನ ಬೆರಳನ್ನ ಇಲ್ಲಿಂದ ಸಾಗಿಸ್ಬೇಕಲ್ಲ, ಅದಕ್ಕೆ."

ಹಿಂದಿನ ಬೀದಿಗಿಳಿದರು. ಬಿಸಿಲು ಹಿತವಾಗಿತ್ತು. ಬೇಕರಿ ದಾಟುವಷ್ಟರಲ್ಲಿ ಅಕ್ಕನ ಹೆಗಲ ಬಿಗಿ ಸಡಿಲಿತು. ಗುಬ್ಬಿ ಮಾತ್ರ ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತಿದ್ದಳು.

ಮೂಲೆಮನೆಗೆ ಹೊಸ ಬಾಡಿಗೆದಾರರು ಬಂದಿದ್ದರು. ಇಬ್ಬರು ಆಳುಗಳು ಹೊರಮೆಟ್ಟಿಲಲ್ಲಿ ಬಟ್ಟೆಯ ಬೀರು ಏರಿಸುತ್ತಿದ್ದರು. ತಿರುವಿನಲ್ಲಿ ಅದು ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು.

"ಈಚೆ ವಾಲಿಸೋ."

"ಎಲ್ಲಿಗೆ ವಾಲಿಸ್ಲಿ? ನಿನ್ನ ತಲೆ ಮೇಲಾ?"

ಗುಬ್ಬಿ ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ.

"ಗುಬ್ಬಿ, ನಮ್ಮ ಮೆಟ್ಟಿಲ ತಿರುವು ಇದಕ್ಕಿಂತ ಅಗಲ ಇದೆಯೇನೇ?"

ಗುಬ್ಬಿಯ ನಗು ಅಲ್ಲೇ ಉಡುಗಿತು. ಐದು ಜನರ ಸಂಸಾರಕ್ಕೆಂದು ಮಹಡಿಯಲ್ಲಿ ಚೆಂದದ ಕೋಣೆಗಳನ್ನಿಟ್ಟಿದ್ದರು. ಕೆಳಗಿನ ಉಗ್ರಾಣ ದೊಡ್ಡದಾಗಲೆಂದು ಮೆಟ್ಟಿಲ ತಿರುವನ್ನು ಹಿಸುಕಿದ್ದರು. ಆ ಕೋಣೆಗಳಿಗೆ ಮಂಚ ಹೇಗೆ ಏರೀತು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

"ಅಂಟು ಗಟ್ಟಿಯಾದ್ರೆ ಮುಗೀತು. ಕಿತ್ರೆ ಗೋಡೆನೂ ಜೊತೆಗೇ ಬರುತ್ತೆ," ಎಂದಳು ಗುಬ್ಬಿ.

ಇಬ್ಬರೂ ಓಡಿದರು. ಮೇಜಿನ ಮುಂದೆ ಅಕ್ಕ ಏದುಸಿರು ಬಿಡುತ್ತ ನಿಂತಳು.

"ಮುಟ್ಟಿ ನೋಡು."

"ನಾನಾ?"

"ಮತ್ತಿನ್ಯಾರು? ನಿನ್ನಷ್ಟು ಅನುಭವ ಯಾರಿಗಿದೆ?"

ಗುಬ್ಬಿ ಬೆರಳಿಟ್ಟು ಮೆಲ್ಲಗೆ ಒತ್ತಿದಳು.

"ಜಾರ್ತಾ ಇದೆ. ಬ್ಲೇಡ್ ಕೊಡು, ಬೇಗ."

ಮೆಟ್ಟಿಲು ಹಗುರಾಗಿ ಬಿಟ್ಟುಕೊಂಡಿತು. ಉಗ್ರಾಣದ ಗೋಡೆಯನ್ನು ಒಳಕ್ಕೆ ಸರಿಸಿದರು, ತಿರುವಿಗೆ ಅಗಲವಾದ ಹೊಸ ರಟ್ಟು ಕತ್ತರಿಸಿದರು, ಮತ್ತೆ ಅಂಟು ಹಚ್ಚಿದರು. ಈ ಸಲ ಅಕ್ಕನ ತೋಳು ಹಿಡಿದು ಹೊರಗೆಳೆದವಳು ಗುಬ್ಬಿಯೇ.

ಮಧ್ಯಾಹ್ನ ಪರೀಕ್ಷಕರು ಕನ್ನಡಕ ಏರಿಸಿ ಮಾದರಿಯತ್ತ ಬಗ್ಗಿದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದೇ ಮಂಚವೆಂಬಂತೆ ಮೆಟ್ಟಿಲ ಮೇಲೆ ಒಂದೊಂದೇ ಹಂತ ಏರಿಸುತ್ತ ಹೋದರು. ತಿರುವಿನಲ್ಲಿ ಅದು ಕ್ಷಣಕಾಲ ನಿಂತಿತು. ಅಕ್ಕ ಗುಬ್ಬಿಯ ಕೈ ಹಿಡಿದುಕೊಂಡಳು. ಬೆಂಕಿಪೊಟ್ಟಣ ಗೋಡೆಯನ್ನು ಸೋಕದೆ ನಿಧಾನವಾಗಿ ಹೊರಳಿ, ಮಹಡಿಯ ಕೋಣೆಯ ಕಿಟಕಿಯ ಕೆಳಗೆ ಹೋಗಿ ಕೂತಿತು.