ಹಳದಿ ಗೆರೆ

ಏಳನೆಯ ನಟ್ಟು ಬೆಣ್ಣೆಯೊಳಗಿನ ಕೂದಲಿನ ಹಾಗೆ ಬಂದುಬಿಟ್ಟಿತು.

ಸಂಗಮೇಶ ಕೈ ತಡೆದು ನಟ್ಟಿನ ಬಿಗಿತ ಅಳೆಯುವ ಪಾನಾದ ಮುಳ್ಳನ್ನು ನೋಡಿದ. ನಲವತ್ತರ ಮೇಲೆ ನಿಲ್ಲಬೇಕಾದ ಮುಳ್ಳು ಹನ್ನೊಂದರ ಹತ್ತಿರ ಅಲ್ಲಾಡಿ ಸುಮ್ಮನಾಗಿತ್ತು. ನಟ್ಟಿನ ಸಂದಿಯಿಂದ ಒಣಗಿದ ಕೆಂಪು ಪುಡಿ ಉದುರಿ ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಬಿತ್ತು. ಅದನ್ನು ಒರೆಸಿಕೊಳ್ಳುವ ಮೊದಲು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ.

ಯಾರೂ ನೋಡಿರಲಿಲ್ಲ. ಯಂಕಂಚಿಯ ಗುರಲಿಂಗಪ್ಪನ ಕಣದಲ್ಲಿ ಅದು ಬುತ್ತಿಯ ಹೊತ್ತು. ತೆನೆಯಿಂದ ಕಾಳು ಬಿಡಿಸುವ ರಾಶಿ ಮಷೀನು ನಿಂತಿತ್ತು. ಬೇವಿನ ಮರದ ನೆರಳಿನಲ್ಲಿ ಹೆಂಗಸರು ರೊಟ್ಟಿಯ ಗಂಟು ಬಿಚ್ಚಿದ್ದರು. ಆಚೆ ಗುರಲಿಂಗಪ್ಪ ಜೋಳ ಅಳೆಸುತ್ತಿದ್ದ. ಅಳೆಯುವವನು ಮೊದಲ ಅಳತೆಗೆ ಒಂದು ಎನ್ನದೆ ‘ಲಾಭ’ ಎನ್ನುತ್ತಿದ್ದ; ಆಮೇಲೆ ಎರಡು, ಮೂರು. ಎಣಿಕೆ ಶುರುವಾಗುವುದೇ ಮರ್ಯಾದೆಯ ಮಾತಿನಿಂದ. ಇಂಥವರ ನಡುವೆ ವಿಜ್ಞಾನ ಮಾಡುವುದು ಹೇಗೆ ಎಂದು ಹೋದ ವಾರ ತಾನೇ ಸ್ಟಾಫ್ ರೂಮಿನಲ್ಲಿ ನಕ್ಕಿದ್ದು ನೆನಪಾಯಿತು.

ಅವನು ಡಿಪ್ಲೊಮಾ ಕಾಲೇಜಿನಲ್ಲಿ ಯಂತ್ರವಿನ್ಯಾಸ ಕಲಿಸುತ್ತಿದ್ದ. ಮಾವ ಶ್ರೀಶೈಲಪ್ಪನಿಗೆ ಸಿಂದಗಿಯಲ್ಲಿ ರಾಶಿ ಮಷೀನು ತಯಾರಿಸುವ ಕಾರ್ಖಾನೆ. ತೊಂಬತ್ತೇಳರ ಸುಗ್ಗಿಯಲ್ಲಿ, ಮುದ್ದೇಬಿಹಾಳದ ಕಡೆ, ಅವರ ಮಷೀನೊಂದರ ಡ್ರಮ್ಮಿನ ನಟ್ಟು ಅದುರಿ ಅದುರಿ ಸಡಿಲಾಗಿ, ಬ್ಲೇಡು ಕಿತ್ತು, ತೆನೆ ಕೊಡುತ್ತಿದ್ದ ಹೆಂಗಸಿನ ಮೂರು ಬೆರಳು ಹೋಗಿದ್ದವು. ಆಗ ಮಾವ ಮೊದಲ ಬಾರಿಗೆ ಅಳಿಯನನ್ನು ಏನಾದರೊಂದು ಕೇಳಿದ್ದ. ‘ನೀವು ಓದಿದವ್ರು. ಇದಕ್ಕೇನರ ಔಷಧ ಐತೇನ್ರಿ?’

ಇತ್ತು. ಪುಣೆಯ ಕಡೆಯಿಂದ ಬರುವ, ಹೆಬ್ಬೆರಳು ಗಾತ್ರದ ಒಂದು ಬಾಟಲಿ. ನಟ್ಟಿನ ಎಳೆಗಳಿಗೆ ಹನಿ ಬಿಟ್ಟು ಬಿಗಿದರೆ ಕಲ್ಲಾಗುವ ಅಂಟು. ಗಾಳಿ ತಾಗುತ್ತಿರುವವರೆಗೆ ಅದು ನೀರಾಗಿಯೇ ಇರುತ್ತದೆ, ಗಾಳಿ ತಪ್ಪಿದರೆ ಗಟ್ಟಿಯಾಗುತ್ತದೆ. ಬಾಟಲಿಯನ್ನು ಅರ್ಧ ಖಾಲಿ ಬಿಟ್ಟಿರುವುದು ಅದಕ್ಕೇ. ಇದನ್ನವನು ಹೆಂಡತಿ ಶೈಲಶ್ರೀಗೆ ಉತ್ಸಾಹದಿಂದ ವಿವರಿಸಿದ್ದ. ಅವಳು ಬಟ್ಟೆ ಮಡಚುತ್ತ, ‘ನಮ್ಮ ಮನಿ ಹಂಗ’ ಎಂದಿದ್ದಳು. ಅವನು ಮುಂದೆ ಕೇಳಿರಲಿಲ್ಲ.

ಈ ಮಷೀನಿನ ಮೇಲೆ ನಲವತ್ತು ದಿನದ ಪರೀಕ್ಷೆ. ಡ್ರಮ್ಮಿನ ಪಕ್ಕದ ತಟ್ಟೆಯ ಮೇಲೆ ಬ್ಲೇಡುಗಳನ್ನು ಹಿಡಿದಿರುವ ಇಪ್ಪತ್ನಾಲ್ಕು ನಟ್ಟು. ಬೆಸ ಸಂಖ್ಯೆಯವಕ್ಕೆ ಅಂಟು, ಸಮ ಸಂಖ್ಯೆಯವಕ್ಕೆ ಹಿಂದಿನಿಂದ ನಡೆದುಬಂದ ಸ್ಪ್ರಿಂಗ್ ವಾಷರು. ಪ್ರತಿ ನಟ್ಟಿನಿಂದ ತಟ್ಟೆಯವರೆಗೆ ಒಂದು ಹಳದಿ ಗೆರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯಬೇಕು. ಯಾರೂ ಪಾನಾ ಮುಟ್ಟಕೂಡದೆಂದು ಕಟ್ಟಪ್ಪಣೆ.

ಇಪ್ಪತ್ತನೆಯ ದಿನ ಬಂದು ನೋಡಿದಾಗ ವಾಷರಿನ ಎಂಟು ಗೆರೆ ಮುರಿದಿದ್ದವು. ಅಂಟಿನ ಹನ್ನೆರಡೂ ಇಟ್ಟ ಹಾಗೇ ಇದ್ದವು. ಅಂದು ಆದಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಕೊನೆಗೂ ಒಂದು ವಸ್ತು ತಾನು ಹೇಳಿದ ಹಾಗೆ ನಿಂತಿತ್ತು. ಅಂದೇ ರಿಪೋರ್ಟು ಬರೆದ. ಮಾವ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಕಾರ್ಖಾನೆಯ ಗೋಡೆಗೆ ತೂಗುಹಾಕಿದ. ವಾಷರು ಬಿಟ್ಟು ಅಂಟೊಂದನ್ನೇ ಹಾಕಿ ಆರು ಮಷೀನು ಕಟ್ಟಿಸಿದ. ಅವು ಇವತ್ತು ಮಧ್ಯಾಹ್ನ ಹೊರಡುತ್ತವೆ. ನಲವತ್ತನೆಯ ದಿನದ ಈ ಅಳತೆ ಬರೀ ಶಾಸ್ತ್ರಕ್ಕೆ. ಮೂರು ನಟ್ಟು ನೋಡಿದರೆ ಸಾಕಿತ್ತು.

ಒಂಬತ್ತನೆಯದು ಹನ್ನೆರಡಕ್ಕೇ ಬಂತು. ಹನ್ನೊಂದನೆಯದು ಅಲುಗಲೇ ಇಲ್ಲ. ಅಳೆಯುವ ಮೊದಲು ಈ ಮೂರೂ ನಟ್ಟುಗಳ ಗೆರೆ ಮುರಿದಿರಲಿಲ್ಲ. ಅವನು ಏಳನೆಯದಕ್ಕೆ ಮರಳಿ, ತಟ್ಟೆಯ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆದ. ಹಳದಿಯ ಕೆಳಗೆ ಇನ್ನೊಂದು ಹಳದಿ ಇತ್ತು, ಜೋಳದ ಕಾಳಿನಷ್ಟು ಪಕ್ಕಕ್ಕೆ.

ಮಷೀನು ನೋಡಿಕೊಳ್ಳುವ ಮುದಿ ಫಿಟ್ಟರು ಮಲಿಕಸಾಬ ಟ್ರ್ಯಾಕ್ಟರಿನ ಮಗ್ಗುಲಲ್ಲಿ ಕೂತು ಮಷೀನು ತಿರುಗಿಸುವ ಪಟ್ಟಾಕ್ಕೆ ಮೇಣ ಹಚ್ಚುತ್ತಿದ್ದ.

‘ಇದಕ್ಕ ಪಾನಾ ಹಾಕಿದ್ರೇನು?’

‘ಯಾವುದಕ್ಕ್ರಿ?’

‘ಏಳಕ್ಕ.’

‘ಏಳು ಎಂಟು ನನಗ ಗೊತ್ತಾಗೂದಿಲ್ರಿ. ಎಲ್ಲಾದಕ್ಕೂ ಹಾಕೇನಿ.’ ಊಟವಾಯಿತು ಎಂದಷ್ಟೇ ಸಲೀಸಾಗಿ ಹೇಳಿದ.

‘ಯಾವಾಗ?’

‘ದಿನಾ ಸಂಜಿಮುಂದ. ನಮಾಜ ಮುಗಿಸಿ ಒಂದು ಸುತ್ತ ಹಾಕ್ತೇನಿ. ಇಪ್ಪತ್ತು ವರ್ಷದ ರೂಢಿ ಐತ್ರಿ.’

‘ಮುಟ್ಟಬ್ಯಾಡ್ರಿ ಅಂತ ಹೇಳಿದ್ದೆ.’

‘ಹೇಳಿದ್ರಿ.’ ಮಲಿಕಸಾಬ ಬೇವಿನ ನೆರಳಿನ ಕಡೆ ನೋಡಿದ. ‘ತೆನಿ ಕೊಡೂ ಯಲ್ಲವ್ವ ದಿನಾ ಕೈ ಒಳಗ ಹಾಕ್ತಾಳ್ರಿ. ನೋಡದ ಹೆಂಗ ಮಲಗ್ಲಿ?’

‘ಗೆರಿ?’

ಮುದುಕ ಈಗ ತುಸು ನಾಚಿಕೊಂಡ. ‘ನಿಮ್ಮ ಔಷಧದವಕ್ಕಷ್ಟ ಹೊಸದಾಗಿ ಹಚ್ಚೇನ್ರಿ. ಮನಿ ಅಳಿಯಂದಿರು ನೀವು. ನಾಕ ಮಂದ್ಯಾಗ ನಿಮ್ಮ ಕೆಲಸ ಸಣ್ಣದಾಗಬಾರದು ಅಂತ. ವಾಷರಿನವ್ನ ಹಂಗ ಬಿಟ್ಟೇನಿ.’

‘ಸಡಿಲ ಆಗಿದ್ವೇನು, ನಮ್ಮವು?’

‘ಜಗ್ಗಿದ್ರ ಒಂದೀಟು ತಿರುಗಿದ್ವು. ಮೊದಲ ಸಡಿಲಿದ್ವೋ, ನಾ ಜಗ್ಗಿದ್ದಕ್ಕ ತಿರುಗಿದ್ವೋ, ಅದನ್ನ ಹೆಂಗ ಹೇಳ್ಲಿ?’

ಹೇಳಲಾಗದು. ಗಟ್ಟಿಯಾದ ಅಂಟನ್ನು ಒಮ್ಮೆ ಕದಲಿಸಿದರೆ ಮುಗಿಯಿತು. ಪುಡಿಯಾಗುತ್ತದೆ, ಮತ್ತೆ ಹಿಡಿಯುವುದಿಲ್ಲ. ಅಂಟು ತಾನಾಗಿ ಸೋತಿತ್ತೋ, ಗೆದ್ದ ಅಂಟನ್ನು ಮಲಿಕಸಾಬನ ಕಾಳಜಿ ಮುರಿಯಿತೋ, ದೇವರೇ ಬಲ್ಲ. ನಲವತ್ತು ದಿನ ಪರೀಕ್ಷೆಗೆ ಒಳಗಾದದ್ದು ಒಬ್ಬ ಮುದುಕನ ಮರ್ಯಾದೆ. ಗಾಜಿನ ಚೌಕಟ್ಟಿನೊಳಗೆ ತೂಗುತ್ತಿರುವುದೂ ಅದೇ.

ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಈ ಮನುಷ್ಯ ತನಗಾಗಿ ಸಂಜೆಯ ಬೆಳಕಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬ್ರಷ್ಷು ಹಿಡಿದಿದ್ದ. ಅಷ್ಟು ಅಕ್ಕರೆಯಿಂದ ಯಾರೂ ಅವನಿಗೆ ಸುಳ್ಳು ಹೇಳಿರಲಿಲ್ಲ.

ಆಮೇಲೆ ಆರು ಮಷೀನುಗಳು ನೆನಪಾದವು. ಅವಕ್ಕೆ ವಾಷರು ಇಲ್ಲ. ಅವಕ್ಕೆ ಮಲಿಕಸಾಬನೂ ಇಲ್ಲ. ಅವನಿಗೆ ಭಯವಾಯಿತು.

ರಸ್ತೆಯ ಬದಿಯ ಕಿರಾಣಿ ಅಂಗಡಿಯಲ್ಲಿ ಫೋನಿತ್ತು. ಹತ್ತು ನಿಮಿಷದ ದಾರಿ. ಕಣ ದಾಟುವಾಗ ಅವನ ಬಾಯಲ್ಲಿದ್ದ ಮಾತು ‘ಪರೀಕ್ಷೆ ಕೆಟ್ಟಿದೆ, ಲಾರಿ ನಿಲ್ಲಿಸಿ’ ಎಂಬುದು. ಹಳ್ಳ ಇಳಿಯುವಾಗ ಅದು ‘ಸ್ವಲ್ಪ ಸಂಶಯ ಇದೆ’ ಎಂದಾಯಿತು. ಅಂಗಡಿಯ ಮೆಟ್ಟಿಲು ಹತ್ತುವಾಗ ‘ಇನ್ನೊಮ್ಮೆ ನೋಡಿದರೆ ಒಳ್ಳೆಯದಿತ್ತೇನೋ’ ಎಂಬ, ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು ಉಳಿಯಿತು. ನಂಬರು ತಿರುಗಿಸಿದ.

ಫೋನು ಎತ್ತಿದವಳು ಶೈಲಶ್ರೀ. ಮನೆ, ಕಾರ್ಖಾನೆ ಒಂದೇ ಕಾಂಪೌಂಡಿನಲ್ಲಿದ್ದವು.

‘ನಾನು.’

‘ಗೊತ್ತಾತು.’

‘ಮಾವಾರು ಅದಾರೇನು?’

‘ಲಾರಿ ಮುಂದ ಕಾಯಿ ಒಡಸಾಕತ್ತಾರ. ಕರೀಲೇನು?’

ಅವಳ ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಗಂಟೆಯೊಂದು ಮೊಳಗಿ ನಿಂತಿತು.

‘ಎಷ್ಟು ಲಾರಿ?’

‘ಮೂರು. ಒಂದು ಇಂಡಿಗಿ, ಒಂದು ಮುದ್ದೇಬಿಹಾಳಕ್ಕ, ಒಂದು ಬಾಗೇವಾಡಿಗಿ. ನಿಮ್ಮ ಹೆಸರ ಹೇಳಾಕತ್ತಾರ ಎಲ್ಲಾರಿಗೂ. ಅಳಿಯಂದಿರು ಪರೀಕ್ಷಾ ಮಾಡ್ಯಾರ, ಇನ್ನ ಪಾನಾ ಮುಟ್ಟೂದ ಬ್ಯಾಡ ಅಂತ.’

ಮದುವೆಯಾದ ಆರು ವರ್ಷದಲ್ಲಿ ಆ ಮನೆಯಲ್ಲಿ ಅವನ ಹೆಸರು ಇಷ್ಟು ಗಟ್ಟಿಯಾಗಿ ಕೇಳಿದ್ದು ಇದೇ ಮೊದಲು. ಅದು ಹಿತವಾಗಿತ್ತು. ಹಿತವಾಯಿತೆಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

‘ಏನರ ಆಗೇತೇನು?’ ಎಂದಳು.

‘ಏನಿಲ್ಲ.’

‘ಕರೀಲೇನು ಅಪ್ಪನ್ನ?’

‘ಬ್ಯಾಡ.’

‘ಮತ್ತ ಯಾಕ ಫೋನ್ ಮಾಡಿದ್ರಿ?’

‘ಊಟಕ್ಕ ಕಾಯಬ್ಯಾಡ.’

‘ಯಾವತ್ತ ಕಾದೇನಿ?’ ಸಿಟ್ಟಿಲ್ಲದೆ ಹೇಳಿದಳು. ಫೋನು ಇಟ್ಟಳು.

ರಿಸೀವರು ಹಿಡಿದುಕೊಂಡೇ ನಿಂತ. ಮತ್ತೆ ಮಾಡಬಹುದಿತ್ತು. ಅಂಗಡಿಯವನು ‘ಇನ್ನೊಂದ ನಂಬರ್ ಏನ್ರಿ?’ ಎಂದಾಗ ಇಲ್ಲವೆಂದು ತಲೆಯಾಡಿಸಿದ. ವಾಪಸು ನಡೆಯುತ್ತ, ಅಂಟು ಗಟ್ಟಿಯಿರಲೂಬಹುದು, ಹನ್ನೊಂದನೆಯದು ಅಲುಗಲಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹಳ್ಳ ಹತ್ತುವಷ್ಟರಲ್ಲಿ ಅದನ್ನು ನಾಲ್ಕು ಸಲ ಹೇಳಿಕೊಂಡಿದ್ದ.

ಕಣದಲ್ಲಿ ಬುತ್ತಿ ಮುಗಿದಿತ್ತು. ಯಲ್ಲವ್ವ ಗಾಜಿನ ಬಳೆಗಳನ್ನು ಮೊಳಕೈವರೆಗೆ ಏರಿಸಿ ಅರಿವೆಯಿಂದ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಒಂದು ತುದಿ ಹಲ್ಲಿನಲ್ಲಿತ್ತು.

‘ಪರೀಕ್ಷಾ ಏನಾತ್ರಿ ಸಾಹೇಬ್ರ? ಪಾಸೋ ನಪಾಸೋ?’ ಹೆಂಗಸರು ನಕ್ಕರು.

‘ಪಾಸು.’

‘ಹಂಗಾರ ಕೈ ಹಾಕ್ತೇನಿ’ ಎಂದು ಅವಳೂ ನಕ್ಕಳು.

ಮಲಿಕಸಾಬ ಏಳನ್ನೂ ಒಂಬತ್ತನ್ನೂ ಬಿಗಿದು, ಉಳಿದವಕ್ಕೂ ಒಂದು ಸುತ್ತು ಪಾನಾ ಹಾಕಿದ. ಬಾಟಲಿ ಸಂಗಮೇಶನ ಜೇಬಿನಲ್ಲೇ ಇತ್ತು. ಹೊರಗೆ ತೆಗೆಯುವ ಮನಸ್ಸಾಗಲಿಲ್ಲ.

‘ಹೊಸಾ ಮಷೀನಿಗೆ ಯಾರ ಹೋಗ್ತಾರ್ರಿ, ಪಾನಾ ಹಾಕಾಕ?’ ಮುದುಕ ಕೇಳಿದ.

‘ಬೇಕಾಗೂದಿಲ್ಲಂತ.’

‘ಯಾರಂದ್ರು?’

ಸಂಗಮೇಶ ತಟ್ಟೆಯ ಕಡೆ ನೋಡಿದ. ‘ರಿಪೋರ್ಟಿನಾಗ ಬರದೈತಿ.’

‘ಹಂಗಾರ ಸರಿ ಬಿಡ್ರಿ. ಓದಿದವ್ರು ಬರದಾರಂದ್ರ ನೋಡೇ ಬರದಿರ್ತಾರ.’ ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಸಂಗಮೇಶನಿಗೆ ತಡೆಯದಾಯಿತು. ಮಲಿಕಸಾಬ ಚೀಲದಿಂದ ಬಣ್ಣದ ಡಬ್ಬಿ, ಕೂದಲುದುರಿದ ಬ್ರಷ್ಷು ತೆಗೆದ. ‘ಗೆರಿ ಹಚ್ಚಲ್ರಿ?’

‘ತಗೊಂಬರ್ರಿ ಇಲ್ಲಿ.’

ಸಂಗಮೇಶ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತ. ಪ್ಯಾಂಟಿನ ಮೇಲೆ ಕೆಂಪು ಪುಡಿ ಇನ್ನೂ ಇತ್ತು. ಏಳನೆಯ ನಟ್ಟಿನಿಂದ ತಟ್ಟೆಯವರೆಗೆ ಒಂದು ಗೆರೆ ಎಳೆದ, ಒಂಬತ್ತನೆಯದರಿಂದ ಇನ್ನೊಂದು. ಗೆರೆಗಳು ಮಲಿಕಸಾಬನ ಗೆರೆಗಳಿಗಿಂತ ನೇರವಾಗಿ ಬಂದವು. ದೂರದ ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹಾಕಿತು. ಅದು ಮಾವನ ಲಾರಿಯೋ ಅಲ್ಲವೋ ತಿಳಿಯಲಿಲ್ಲ. ಅವನು ತಲೆಯೆತ್ತಲಿಲ್ಲ.

ಟ್ರ್ಯಾಕ್ಟರು ಗುಡುಗಿತು. ಪಟ್ಟಾ ಬಿಗಿಯಿತು. ನೆಲ ಅದುರತೊಡಗಿತು, ಆ ಅದುರಾಟ ಅವನ ಚಪ್ಪಲಿಯೊಳಗಿಂದ ಏರಿ ದವಡೆಗೆ ಬಂತು. ಯಲ್ಲವ್ವ ಹಲಗೆಯ ಮೇಲೆ ನಿಂತು ಮೊದಲ ಹಿಡಿ ತೆನೆ ಕೊಟ್ಟಳು. ಅವಳ ಕೈ ಮಣಿಕಟ್ಟಿನವರೆಗೆ ಒಳಗೆ ಹೋಯಿತು, ಬಂತು. ಮತ್ತೆ ಹೋಯಿತು.

ಸಂಗಮೇಶ ಪಕ್ಕದ ಜಾಲರಿಗೆ ಮುಖ ತಂದು ಏಳನೆಯ ನಟ್ಟನ್ನು ಹುಡುಕಿದ. ಡ್ರಮ್ಮಿನ ವೇಗ ಏರುತ್ತಿತ್ತು. ತಟ್ಟೆಯ ಮೇಲಿನ ಗೆರೆಗಳು ಮೊದಲು ನೀಳವಾದವು, ಆಮೇಲೆ ಒಂದಕ್ಕೊಂದು ಸೇರಿದವು. ಅವನು ಎಳೆದವು, ಮಲಿಕಸಾಬ ಎಳೆದವು, ವಾಷರಿನ ಮುರಿದ ಎಂಟು ಗೆರೆಗಳು, ಎಲ್ಲವೂ ಕೂಡಿ ಒಂದೇ ಹಳದಿ ಬಳೆಯಾಗಿ ತಿರುಗುತ್ತಿದ್ದವು. ಎಷ್ಟು ಹೊತ್ತು ನೋಡಿದರೂ ಅದರಲ್ಲಿ ಎಲ್ಲಿಯೂ ಬಿರುಕು ಕಾಣುತ್ತಿರಲಿಲ್ಲ.